ಹಲಗಿ ಕಾಕಾ ಮತ್ತು 276 ಎಂಬಿ

ಆಫೀಸಿನ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೆದಿತ್ತು. ನನ್ನ ಸರದಿ ಬರಲು ಇನ್ನೂ ಮೂವರಿದ್ದರು. ಅಷ್ಟರಲ್ಲಿ ವಾಟ್ಸಾಪಿಗೆ ಒಂದು ಫೋಟೋ ಬಂತು. ರಾಯಬಾಗದಿಂದ ನನ್ನ ಸೋದರಮಾವನ ಮಗ ಕಳಿಸಿದ್ದು, ಯಾವುದೋ ಕಂಪ್ಯೂಟರ್ ಅಂಗಡಿಯ ಕೊಟೇಶನ್. 16 ಕೋರಿನ ಪ್ರೊಸೆಸರ್, 64 ಜಿಬಿ ರ‍್ಯಾಮ್, ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಅದರೊಳಗೆ ಬಣ್ಣ ಬದಲಿಸುವ ಫ್ಯಾನುಗಳು. ಒಟ್ಟು 1,58,000 ರೂಪಾಯಿ. ಕೆಳಗೆ ಒಂದೇ ಸಾಲು: ‘ಅಣ್ಣಾ, ಹಾಡ ರೆಕಾರ್ಡಿಂಗಿಗೆ ಇಷ್ಟ ಸಾಕಾಗ್ತದನು?’

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುತ್ತದೆ. ಊರಿನ ಪ್ರಿಂಟರ್ ನಿಂತರೂ ನಮಗೇ ಫೋನು, ಸೀಇಟಿ ಫಾರ್ಮ್ ತುಂಬಲೂ ನಮಗೇ ಫೋನು. ನಾನು ‘ಸಾಕು ಸಾಕು, ಸೂಪರ್ ಐತಿ’ ಅಂತ ಟೈಪ್ ಮಾಡಿ ಒಂದು ಹೆಬ್ಬೆರಳು ಒತ್ತಿದೆ. ಐದು ಸೆಕೆಂಡೂ ಹಿಡಿಯಲಿಲ್ಲ.

ಸಂಜೆ ಅವನೇ ಫೋನ್ ಮಾಡಿದ. ‘ಅಪ್ಪ ಒಪ್ಪಿದಾನ ಅಣ್ಣಾ. ಕಬ್ಬಿನ ಬಿಲ್ ಬಂದೈತಿ. ಮೊದಲ ಬ್ಯಾಡ ಅಂದಿದ್ದ, ನೀ ಹೂಂ ಅಂದಿ ಅಂತ ಹೇಳಿದ ಮ್ಯಾಲೆ ಸುಮ್ಮನಾದ.’

ಸುಮ್ಮನಾದದ್ದು ನಾನು. ಟನ್ನಿಗೆ ಮೂರು ಸಾವಿರದ ಲೆಕ್ಕ ಹಿಡಿದರೂ 1,58,000 ಅಂದರೆ ಸುಮಾರು 53 ಟನ್ ಕಬ್ಬು. ಎಕರೆಗೆ 40 ಟನ್ ಬಂದರೆ ನಮ್ಮ ಕಡೆ ಚಲೋ ಬೆಳೆ. ಅಂದರೆ ಮಾಮಾನ ಒಂದೂಕಾಲು ಎಕರೆ, ಒಂದಿಡೀ ವರ್ಷ, ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ ಬಿಟ್ಟ ನೀರು, ಗೊಬ್ಬರ, ಕಟಾವು ಗ್ಯಾಂಗಿನ ಹಿಂದೆ ಅಲೆದದ್ದು, ಎಲ್ಲವೂ ನನ್ನ ಒಂದು ಹೆಬ್ಬೆರಳಿನ ಮೇಲೆ ನಿಂತಿತ್ತು. ಇನ್ನೂ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಕಾಲೇಜಿನಲ್ಲಿ ನನಗೂ ಸಂಗೀತ ಮಾಡುವ ಹುಚ್ಚಿತ್ತು. ಆ ಕೊಟೇಶನ್ ನೋಡಿದಾಗ ಬಾಯಲ್ಲಿ ನೀರೂರಿದ್ದು ನನಗೇ. ಅವನ ರೊಕ್ಕದಲ್ಲಿ ನನ್ನ ಆಸೆಗೆ ಸೈ ಅಂದಿದ್ದೆ.

‘ಈಗ ತಗೋಬ್ಯಾಡ. ನಾ ಬರ್ತೀನಿ’ ಅಂದೆ. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಹಿಡಿದೆ.

ಅವನ ಸ್ಟುಡಿಯೋ ಮನೆಯ ಮಾಳಿಗೆಯ ಮೇಲಿನ ಒಂದು ಖೋಲಿ. ಗೋಡೆಗೆ ಫೋಮ್ ಇಲ್ಲ, ಅಜ್ಜಿ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದಾನೆ. ನಿಜ ಹೇಳಬೇಕೆಂದರೆ ಆನ್‌ಲೈನಿನಲ್ಲಿ ಸಿಗುವ ತೆಳ್ಳನೆಯ ಫೋಮಿಗಿಂತ ನಾಲ್ಕು ಪದರದ ಕೌದಿ ದನಿಯನ್ನು ಚೆನ್ನಾಗಿ ನುಂಗುತ್ತದೆ. ಅಲ್ಲಿದ್ದದ್ದು ಯಾರೋ ಮಾರಿದ ಎರಡು ಕೋರಿನ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಅದರಲ್ಲೇ ಮೂರು ವರ್ಷದಿಂದ ಸುತ್ತಲಿನ ಹಳ್ಳಿಗಳ ಭಜನಿ ಮೇಳಗಳನ್ನು, ಡೊಳ್ಳಿನ ಹಾಡುಗಳನ್ನು, ಯೂಟ್ಯೂಬಿಗೆ ಹಾಕುವ ಜಾನಪದ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದಾನೆ. ನಮ್ಮ ತಾಲೂಕಿನ ನಿಪನಾಳದ ಮಾಳು ಅವರ ‘ನಾ ಡ್ರೈವರ’ ಹಾಡು ಬೆಂಗಳೂರಿನ ಮದುವೆಗಳ ತನಕ ಬಂದಮೇಲೆ ಇಲ್ಲಿ ಹಾಡುವ ಹುಡುಗರಿಗೆಲ್ಲ ಒಂದು ಧೈರ್ಯ ಬಂದಿದೆ. ಇವನಿಗೆ ಕೆಲಸವೂ ಬಂದಿದೆ.

ಕೂತು ಲೆಕ್ಕ ಹಾಕಿದೆವು. ನೀವೂ ಯಾವತ್ತಾದರೂ ಇಂಥ ಯಂತ್ರ ಕೊಳ್ಳುವವರಿದ್ದರೆ ಸ್ವಲ್ಪ ತಾಳಿಕೊಂಡು ಓದಿ.

ಮೊದಲು ಪ್ರೊಸೆಸರ್. ಕೋರುಗಳು ಜಾಸ್ತಿ ಇದ್ದಷ್ಟು ಒಳ್ಳೆಯದು ಅನ್ನುವುದು ಅರ್ಧ ನಿಜ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹತ್ತು ಜನ ಇದ್ದರೆ ಹತ್ತು ಸಾಲು ಒಟ್ಟಿಗೆ ಹಿಡಿಯಬಹುದು. ಆದರೆ ಒಂದೇ ಸಾಲಿನಲ್ಲಿ ಕಡಿಯೋದು, ಸುಲಿಯೋದು, ಕಟ್ಟೋದು ಒಂದಾದ ಮೇಲೆ ಒಂದೇ ಆಗಬೇಕು. ಹಾಡುಗಾರನ ಒಂದು ಟ್ರ್ಯಾಕಿನ ಮೇಲೆ ನೀವು ಈಕ್ಯೂ, ಕಂಪ್ರೆಸರ್, ರಿವರ್ಬ್ ಹಾಕಿದರೆ ಅವೂ ಹೀಗೇ ಸರತಿಯಲ್ಲಿ ನಡೆಯುತ್ತವೆ, ಬೇರೆ ಕೋರು ನಡುವೆ ಬಂದು ಕೈ ಹಾಕಲು ಆಗುವುದಿಲ್ಲ. ಕೊನೆಗೆ ಎಲ್ಲ ಟ್ರ್ಯಾಕುಗಳೂ ಮಾಸ್ಟರ್ ಅನ್ನುವ ಒಂದೇ ದಾರಿಯಲ್ಲಿ ಹಾಯಬೇಕು. ಫ್ಯಾಕ್ಟರಿಯ ಕಾಟಾ ಇದ್ದ ಹಾಗೆ, ನೂರು ಟ್ರ್ಯಾಕ್ಟರ್ ಬಂದರೂ ತೂಗುವುದು ಒಂದೊಂದೇ. ಹಾಗಾಗಿ 16 ಸಾಧಾರಣ ಕೋರುಗಳಿಗಿಂತ 6 ಚುರುಕು ಕೋರುಗಳು ಇವನಿಗೆ ಮೇಲು. ಗ್ರಾಫಿಕ್ಸ್ ಕಾರ್ಡಿನಿಂದ ಹಾಡಿಗೆ ನಯಾಪೈಸೆ ಉಪಯೋಗ ಇಲ್ಲ. ಅದರ ಫ್ಯಾನಿನ ಸದ್ದು ಮಾತ್ರ ಮೈಕಿನಲ್ಲಿ ಬರುತ್ತದೆ.

ಆಮೇಲೆ ಬಫರ್. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಅಲ್ಲ, ಬೊಗಸೆಬೊಗಸೆಯಾಗಿ ಹಿಡಿಯುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ಲಿನ ಬೊಗಸೆ ಅಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಅಂದರೆ ಸುಮಾರು 21. ಒಳಗೆ ಬಂದು ಹೊರಗೆ ಹೋಗುವಾಗ ಇನ್ನಷ್ಟು ಸೇರುತ್ತದೆ. ದನಿ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 128ರಲ್ಲಿ ಹಾಡುವವನಿಗೆ ತನ್ನ ದನಿ ಒಂದು ಮೀಟರ್ ದೂರದಿಂದ ಕೇಳಿದ ಹಾಗೆ, 1024ರಲ್ಲಿ ಏಳು ಮೀಟರ್ ಆಚೆಯಿಂದ ಕೇಳಿದ ಹಾಗೆ. ತನ್ನ ದನಿಯೇ ಏಳು ಮೀಟರ್ ದೂರ ನಿಂತರೆ ಯಾರಿಗೂ ಹಾಡಲಾಗದು. ಇದನ್ನು ನಾನು ಬಹಳ ಜಾಣತನದಿಂದ ವಿವರಿಸುತ್ತಿದ್ದಾಗ ತಮ್ಮ ಕೇಳಿದ, ‘ಚಿಂಚಲಿ ಮಾಯಕ್ಕನ ಜಾತ್ರ್ಯಾಗ ಡೊಳ್ಳಿನವರು ಅಷ್ಟು ದೂರ ದೂರ ನಿಂತು ಬಾರಸ್ತಾರಲ್ಲ, ತಾಳ ತಪ್ಪೂದಿಲ್ಲಲ್ಲ?’ ಹೌದು, ತಪ್ಪುವುದಿಲ್ಲ. ಅವರು ಕಿವಿ ಒಂದನ್ನೇ ನಂಬಿ ಬಾರಿಸುವುದಿಲ್ಲ, ಎದುರಿನವನ ಕೈಯ ಕೋಲು ಏಳುವುದನ್ನು ನೋಡುತ್ತಾರೆ.

ಇನ್ನು ರ‍್ಯಾಮ್. ಒಂದು ದನಿಯನ್ನು 24 ಬಿಟ್‌ನಲ್ಲಿ ಹಿಡಿದರೆ ಸೆಕೆಂಡಿಗೆ 48,000 ಅಳತೆ, ಒಂದೊಂದಕ್ಕೆ 3 ಬೈಟ್, ನಿಮಿಷಕ್ಕೆ 8.64 ಎಂಬಿ. ಐದು ನಿಮಿಷದ ಹಾಡಿಗೆ ಹನ್ನೆರಡು ಟ್ರ್ಯಾಕ್ ಇಟ್ಟರೂ ಅರ್ಧ ಜಿಬಿಯ ಆಸುಪಾಸು. ಅದೂ ಡಿಸ್ಕಿನಿಂದ ಬೇಕಾದಷ್ಟೇ ಬಂದು ಹೋಗುತ್ತದೆ. ಹಾಗಾದರೆ 64 ಜಿಬಿ ಯಾರಿಗೆ ಬೇಕು? ಸ್ಯಾಂಪಲ್ ಲೈಬ್ರರಿ ಇಟ್ಟುಕೊಳ್ಳುವವರಿಗೆ. ನಿಜವಾದ ಪಿಯಾನೋ, ಪಿಟೀಲು, ತಬಲಾಗಳ ಒಂದೊಂದು ಸ್ವರ, ಒಂದೊಂದು ಪೆಟ್ಟನ್ನು ಮೊದಲೇ ಹಿಡಿದಿಟ್ಟು, ಕೀಬೋರ್ಡಿನ ಮೇಲೆ ಬೆರಳಿಟ್ಟ ಕೂಡಲೇ ನುಡಿಸುವ ವ್ಯವಸ್ಥೆ ಅದು. ಬೆರಳಿಟ್ಟ ಕ್ಷಣ ದನಿ ಬರಬೇಕಾದರೆ ಎಲ್ಲ ಸ್ವರಗಳೂ ರ‍್ಯಾಮಿನ ಬಾಗಿಲಲ್ಲಿ ಕಾದು ನಿಂತಿರಬೇಕು. ಒಂದು ಪೂರ್ತಿ ವಾದ್ಯವೃಂದ ಹಾಗೆ ನಿಂತರೆ ಹತ್ತಾರು ಜಿಬಿ ಸಲೀಸಾಗಿ ತುಂಬುತ್ತದೆ.

ಅಂದರೆ, ಮನುಷ್ಯರು ಖೋಲಿಯೊಳಗೆ ಬಂದು ಕೂತರೆ ರ‍್ಯಾಮ್ ಬೇಡ. ಬರದಿದ್ದರೆ ಬೇಕು.

ಇದು ಹೊಳೆದಾಗ ನನಗೆ ಬಹಳ ಖುಷಿಯಾಯಿತು. ತಾಂತ್ರಿಕ ಪ್ರಶ್ನೆಯೊಳಗೆ ಒಂದು ನೈತಿಕ ಪ್ರಶ್ನೆ ಸಿಕ್ಕಿತ್ತಲ್ಲ! ‘16 ಸಾಕು. ಉಳಿದ ರೊಕ್ಕ ಬಾರಿಸುವವರಿಗೆ ಕೊಡು’ ಅಂತ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಹಲಗಿಯ ಕಾಕಾ, ಡೊಳ್ಳಿನವರು, ಶಹನಾಯಿಯವರು, ಇವರೆಲ್ಲ ಇಲ್ಲದ ಹಾಡು ಅದೆಂಥ ರಾಯಬಾಗದ ಹಾಡು ಅಂದೆ.

ಅವನು ವಾದ ಮಾಡಲಿಲ್ಲ. ಫೋನಿನಲ್ಲಿ ಒಂದು ಹಾಡು ಹಾಕಿದ. ಹೆಣ್ಣು ದನಿ, ಬರೀ ದನಿ, ಅದರ ಹಿಂದೆ ಎಲ್ಲೋ ಕೋಳಿ ಕೂಗುವುದೂ ಕೇಳುತ್ತಿತ್ತು. ಪಕ್ಕದ ಹಳ್ಳಿಯ ಹುಡುಗಿ, ಕಬ್ಬಿನ ಹೊಲದಲ್ಲಿ ಕೂಲಿಗೆ ಹೋಗುವವಳು. ತಾನೇ ಕಟ್ಟಿದ ಹಾಡು. ‘ಇಕೀ ಕಡೆ ಮೂರು ಸಾವಿರ ಅದಾವ ಅಣ್ಣಾ. ಮೇಳದವರನ್ನ ಕರೆಸಿದರ ಒಂದು ದಿನಕ್ಕ ಎಂಟು ಸಾವಿರ ಆಕ್ಕೈತಿ, ಊಟ ಬ್ಯಾರೆ. ಸ್ಯಾಂಪಲ್ ಇದ್ರ ನಾ ಒಬ್ಬನ ರಾತ್ರಿ ಕುಂತು ಮಾಡಿ ಕೊಡ್ತೀನಿ. ಅಕೀ ಹಾಡು ಬ್ಯಾಡ ಅಂತೀಯೇನು?’

ನನ್ನ ಭಾಷಣ ಅಲ್ಲಿಗೇ ನಿಂತಿತು. ಮನುಷ್ಯರು ಬೇಕು ಅಂತ ನಾನು ಹೇಳುವಾಗ ಈ ಹುಡುಗಿಯನ್ನು ಮನುಷ್ಯರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ರಾಯಬಾಗದಿಂದ ರೈಲಿನಲ್ಲಿ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮಿರಜ. ತಂಬೂರಿ, ಸಿತಾರ್ ಮಾಡುವವರ ಊರು. ಅಲ್ಲಿನ ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಬಂತು. ಹಾಡುಗಾರರ ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯರ ಜಾಗಕ್ಕೆ ಮೊದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಈಗ ಎಷ್ಟೋ ಕಡೆ ಮೊಬೈಲ್ ಆ್ಯಪ್. ಆ ಪೆಟ್ಟಿಗೆಯ ಕೃಪೆಯಿಂದ ಶಿಷ್ಯರಿಲ್ಲದ, ಬಾಡಿಗೆ ಮನೆಯ ಲಕ್ಷ ಜನ ಬೆಳಗ್ಗೆ ಎದ್ದು ಶ್ರುತಿ ಹಿಡಿದು ಕೂಡ್ರುತ್ತಾರೆ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ತಂಬೂರಿ ಮೀಟುತ್ತ ಹಿಂದೆ ಕೂತವನು ಬರೀ ಶ್ರುತಿ ಕೊಡುತ್ತಿರಲಿಲ್ಲ, ಕಲಿಯುತ್ತಿದ್ದ ಅನ್ನುವುದೂ ಅಷ್ಟೇ ಖರೆ.

‘ಸ್ಯಾಂಪಲ್ ಎಲ್ಲಿಂದ ತರ್ತೀ? ನಮ್ಮ ಹಲಗಿ ಯಾವ ಕಂಪನಿ ಲೈಬ್ರರಿಯೊಳಗ ಐತಿ?’ ಅಂತ ಕೇಳಿದೆ. ಅವನ ಹತ್ತಿರ ಉತ್ತರ ತಯಾರಿತ್ತು. ‘ಕಾಕಾನ್ನ ಒಂದು ದಿನ ಕರೆಸಿ ಎಲ್ಲಾ ಹೊಡತ ತುಂಬಿಸಿಕೊಳ್ಳೂದು. ಐದು ಸಾವಿರ ಕೊಡ್ತೀನಿ. ಒಮ್ಮೆ ಮುಗೀತು.’

ಲೆಕ್ಕ ಹಾಕುವ ಚಾಳಿ ನನ್ನದು. ಹಲಗಿಯಲ್ಲಿ ಆರು ನಮೂನೆಯ ಪೆಟ್ಟು ಅಂತ ಹಿಡಿಯೋಣ. ಒಂದೊಂದನ್ನೂ ಮೆಲ್ಲಗಿನಿಂದ ಜೋರಿನ ತನಕ ಹತ್ತು ಹದದಲ್ಲಿ, ಒಂದೊಂದು ಹದಕ್ಕೂ ಎಂಟು ಸಲ, ಯಾಕೆಂದರೆ ಒಂದೇ ಪೆಟ್ಟು ಮತ್ತೆಮತ್ತೆ ಬಂದರೆ ಕಿವಿಗೆ ಯಂತ್ರ ಅಂತ ಗೊತ್ತಾಗುತ್ತದೆ. ಒಟ್ಟು 480 ಪೆಟ್ಟು. ಒಂದೊಂದು ಎರಡು ಸೆಕೆಂಡ್, ಸ್ಟೀರಿಯೋ. ಗುಣಿಸಿದರೆ 276 ಎಂಬಿ.

ನಾನು ಎರಡು ಸಲ ಗುಣಿಸಿ ನೋಡಿದೆ. 64 ಜಿಬಿ ಬೇಡ, 16 ಬೇಡ, ಅವನ ಹಳೆಯ 4 ಜಿಬಿಯ ಲ್ಯಾಪ್‌ಟಾಪಿನಲ್ಲೂ ಕಾಕಾ ಆರಾಮಾಗಿ ಹಿಡಿಸುತ್ತಾನೆ. ರ‍್ಯಾಮ್ ಕಡಿಮೆ ಹಾಕಿಸಿ ಯಾರದೋ ಅನ್ನ ಉಳಿಸುತ್ತೇನೆ ಅನ್ನುವ ನನ್ನ ಚೆಂದದ ವಿಚಾರ ಅಲ್ಲಿಗೆ ಮುಗಿಯಿತು. ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಪ್ರಶ್ನೆ ಹಾಗೇ ಕೂತಿತ್ತು: ಒಬ್ಬ ಮನುಷ್ಯನ ಕೈಯನ್ನು ಒಂದು ದಿನದ ಪಗಾರ ಕೊಟ್ಟು ಎಲ್ಲ ದಿನಗಳಿಗೂ ಇಟ್ಟುಕೊಳ್ಳಬಹುದೇ?

ಇದು ರಾಯಬಾಗದ ಹೊಸ ಪ್ರಶ್ನೆಯಲ್ಲ. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್‌ಮನ್ 1969ರಲ್ಲಿ ಒಂದು ಹಾಡಿನ ನಡುವೆ ಸುಮಾರು ಏಳು ಸೆಕೆಂಡ್ ಒಬ್ಬನೇ ಬಾರಿಸಿದ. ಮುಂದೆ ಸ್ಯಾಂಪ್ಲರ್ ಯಂತ್ರಗಳು ಬಂದಾಗ ಆ ಏಳು ಸೆಕೆಂಡನ್ನು ಕತ್ತರಿಸಿ ಸಾವಿರಾರು ಹಾಡುಗಳಿಗೆ ಹಾಕಿದರು. ಸಂಗೀತದ ಒಂದೆರಡು ಪ್ರಕಾರಗಳೇ ಅದರ ಮೇಲೆ ನಿಂತವು. ಕೋಲ್‌ಮನ್‌ಗೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವನಿಗೆ ಮನೆಯೂ ಇರಲಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕನಿಗೆ 50 ವರ್ಷದ ಹಕ್ಕಿದೆ. 2012ರ ತಿದ್ದುಪಡಿ ರಾಯಲ್ಟಿಯ ಮಾತನ್ನೂ, ತನ್ನ ಪ್ರದರ್ಶನವನ್ನು ಹೆಸರು ಕೆಡುವ ಹಾಗೆ ತಿರುಚಿದರೆ ತಡೆಯುವ ಹಕ್ಕನ್ನೂ ಸೇರಿಸಿತು. ಆದರೆ ಕಾಯ್ದೆ ಮಾತಾಡುವುದು ಪ್ರದರ್ಶನದ ಬಗ್ಗೆ. ಹಲಗಿಯ ಮೇಲಿನ ಒಂದು ಪೆಟ್ಟು ಪ್ರದರ್ಶನವೇ? 480 ಪೆಟ್ಟು?

ನನ್ನ ಕೆಲಸ ಏನು ಅಂತ ನೀವು ಕೇಳಲಿಲ್ಲ. ಕಸ್ಟಮರ್ ಕೇರಿನವರು ಮಾತಾಡಿದ ರೆಕಾರ್ಡಿಂಗುಗಳನ್ನು ಸೋಸಿ, ಅವರ ಹಾಗೆ ಉತ್ತರ ಕೊಡುವ ಬಾಟ್ ತಯಾರಿಸುವ ತಂಡದಲ್ಲಿದ್ದೇನೆ. ಯಾರ ದನಿ ತಾಳ್ಮೆಯಿಂದಿದೆಯೋ ಅವರ ರೆಕಾರ್ಡಿಂಗು ನಮಗೆ ಹೆಚ್ಚು ಇಷ್ಟ. ಅವರಿಗೆ ಆ ತಿಂಗಳ ಸಂಬಳ ಸಿಕ್ಕಿರುತ್ತದೆ. ನಾನು ಮೂರು ವರ್ಷದಲ್ಲಿ ಒಮ್ಮೆಯೂ ಈ ಬಗ್ಗೆ ನಿದ್ದೆಗೆಟ್ಟವನಲ್ಲ. ಹಲಗಿಯ ಸದ್ದಿಗೆ ಮಾತ್ರ ಕನಿಕರ ಉಕ್ಕಿ ಬಂದದ್ದು ಯಾಕೆ? ಊರಿನದ್ದು, ಜಾನಪದದ್ದು, ಅಳಿದುಹೋಗುವಂಥದ್ದು ಅಂತಲೇ? ಹೆಡ್‌ಫೋನ್ ಹಾಕಿಕೊಂಡು ಕೂತ ಹುಡುಗಿಯ ತಾಳ್ಮೆಯೂ ಒಂದು ಕಸುಬೇ ಅಲ್ಲವೇ?

ಕಂಪ್ಯೂಟರ್ ತಗೊಂಡೆವು. 6 ಕೋರ್, ನಾಲ್ಕು ಸ್ಲಾಟಿನ ಬೋರ್ಡಿಗೆ 8ರ ಎರಡು ಕಡ್ಡಿ ಹಾಕಿ 16 ಜಿಬಿ, 1 ಟಿಬಿ ಎಸ್‌ಎಸ್‌ಡಿ, ಸದ್ದಿಲ್ಲದ ಫ್ಯಾನು, ಯುಪಿಎಸ್. 62,000 ರೂಪಾಯಿ. ಎರಡು ಮೈಕು, ಒಂದು ಇಂಟರ್ಫೇಸು ಸೇರಿದರೂ ಲಕ್ಷ ದಾಟಲಿಲ್ಲ. ದೀಪದ ಫ್ಯಾನು ಇಲ್ಲ ಅಂತ ತಮ್ಮನಿಗೆ ಒಂಚೂರು ಬೇಜಾರು. ಮಾಮಾ ಉಳಿದ ದುಡ್ಡನ್ನು ನೋಡಿ ‘ನಿಮ್ಮ ಅಣ್ಣ ಶ್ಯಾಣ್ಯಾ ಇದಾನ’ ಅಂದನಂತೆ. ಐದು ಸೆಕೆಂಡಿನ ಹೆಬ್ಬೆರಳಿನ ವಿಷಯ ಅವನಿಗೆ ಈಗಲೂ ಗೊತ್ತಿಲ್ಲ.

ಭಾನುವಾರ ಕಾಕಾ ಬಂದ. ಕಾಕಾ ಅನ್ನುವ ಮಾತು ನಮ್ಮ ತಲೆಮಾರಿನದು. ನಮ್ಮ ಅಜ್ಜ ಅವರಪ್ಪನನ್ನು ಹೆಸರು ಹಿಡಿದು ಕೂಗುತ್ತಿದ್ದ, ಅಂಗಳದ ಆಚೆಗೇ ನಿಲ್ಲಿಸುತ್ತಿದ್ದ, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯದ ಕಾಳು ಅಳೆಯುತ್ತಿದ್ದ. ಅದಕ್ಕೆ ಬದಲಾಗಿ ಜಾತ್ರೆಗೂ ಸಾವಿಗೂ ಕರೆದಾಗ ಬಂದು ಬಾರಿಸಲೇಬೇಕು. ಹಾಡಿಗೊಮ್ಮೆ ಪಾಲು ಅನ್ನುವ ರಾಯಲ್ಟಿಯ ಮಾತು ಆಡುವಾಗ ನನಗೆ ಆ ಆಯ ನೆನಪಾಗಿ ಸ್ವಲ್ಪ ಮುಜುಗರವಾಗುತ್ತದೆ. ವರ್ಷವರ್ಷ ಬರುವ ಪಾಲು ಎಂದರೆ ಅವರ ಮನೆಯಲ್ಲಿ ಬೇರೆಯೇ ನೆನಪು.

ಕಾಕಾ ಮಾಳಿಗೆಯ ಮೂಲೆಯಲ್ಲಿ ಒಂದು ಹಿಡಿ ರವದಿ ಸುಟ್ಟು ಹಲಗಿಯ ಚರ್ಮ ಕಾಸಿದ. ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಸಿದ. ಒಳಗೆ ಬಂದು ಕೂತ. ತಮ್ಮ ಹೆಡ್‌ಫೋನ್ ಹಾಕಿಕೊಂಡು, ‘ಕಾಕಾ, ಒಂದ ಹೊಡತ ಹೊಡದು ಸುಮ್ಮನ ಇರ್ರಿ. ಮತ್ತ ನಾ ಕೈ ಮಾಡಿದ ಮ್ಯಾಲೆ ಇನ್ನೊಂದು’ ಅಂದ.

ಕಾಕಾ ಹೊಡೆದ. ಸರಿ ಬರಲಿಲ್ಲ. ಮತ್ತೆ ಹೊಡೆದ. ನಲವತ್ತು ವರ್ಷ ಬಾರಿಸಿದ ಕೈ, ಹೊಸದಾಗಿ ಕಲಿಯುವವನ ಹಾಗೆ ತಡವರಿಸಿತು. ‘ಒಂದ ಹೆಂಗ ಹೊಡೀಲಿ ತಮ್ಮಾ? ಹಿಂದಿನದು ಇದ್ದರಲ್ಲ ಮುಂದಿನದು ಬರೂದು?’ ಅಂದ. ಹತ್ತು ನಿಮಿಷ ಪ್ರಯತ್ನ ಮಾಡಿದ ಮೇಲೆ ತಮ್ಮ ಸೋತು, ಹೇಗೆ ಬೇಕೋ ಹಾಗೆ ಬಾರಿಸಲು ಹೇಳಿದ. ಕಾಕಾ ಮುಕ್ಕಾಲು ತಾಸು ನಿಲ್ಲಿಸದೆ ಬಾರಿಸಿದ. ನಡುವೆ ಚರ್ಮ ಸಡಿಲಾಗಿ ದನಿ ಇಳಿಯಿತು, ಎದ್ದು ಹೋಗಿ ಕಾಸಿಕೊಂಡು ಬಂದ. ಕರೆಂಟ್ ಹೋಯಿತು, ಯುಪಿಎಸ್ ಕೂಗಿತು, ಅದೂ ರೆಕಾರ್ಡ್ ಆಯಿತು. ನನ್ನ ಎದೆ ಅದುರುತ್ತಿತ್ತು. ಕೌದಿಗಳೂ.

ಖುಷಿಪಡಬೇಡಿ, ಯಂತ್ರ ಸೋತಿತು ಅನ್ನುವ ಕತೆ ಇದಲ್ಲ. ಕಾಕಾ ಚಹಾ ಕುಡಿಯುವಷ್ಟರಲ್ಲಿ ತಮ್ಮ ಆ ಮುಕ್ಕಾಲು ತಾಸಿನ ಬಾರಿಕೆಯಿಂದ ನಲವತ್ತು ಪೆಟ್ಟು ಕತ್ತರಿಸಿ ಬೇರೆ ಮಾಡಿದ್ದ. ಒಂದೊಂದೂ ಜೀವಂತ. ಹಿಂದಿನ ಪೆಟ್ಟಿನ ಬಿಸಿ ಅದರಲ್ಲಿತ್ತು, ಹಿಂದಿನ ಪೆಟ್ಟು ಮಾತ್ರ ಇರಲಿಲ್ಲ.

ರೊಕ್ಕದ ಮಾತು ಬಂತು. ನಾನು ಮೊದಲೇ ತಮ್ಮನನ್ನು ಒಪ್ಪಿಸಿದ್ದೆ: ಒಮ್ಮೆಲೇ ಐದು ಸಾವಿರ ಬೇಡ, ಇವತ್ತಿನ ದಿನಕ್ಕೆ ಎರಡು ಸಾವಿರ, ಆಮೇಲೆ ಈ ಪೆಟ್ಟುಗಳನ್ನು ಹಾಕಿದ ಪ್ರತಿ ಹಾಡಿಗೆ ಇನ್ನೂರು, ಒಂದು ವಹಿಯಲ್ಲಿ ಬರೆದಿಡುವುದು. ನ್ಯಾಯ ಅಂದರೆ ಇದೇ ಅಂತ ನನಗೆ ಪೂರ್ತಿ ಭರವಸೆ. ಕಾಕಾ ಕೇಳಿಸಿಕೊಂಡು ನಕ್ಕ. ‘ನಾಳಿನ ಇನ್ನೂರು ಯಾರು ಕಂಡಾರ? ನಾ ದಿನಾ ಬಂದು ನಿಮ್ಮ ಮನಿ ಮುಂದ ನಿಂತು ಎಷ್ಟು ಹಾಡು ಆದವು ಅಂತ ಕೇಳ್ಲ್ಯಾ? ಐದು ಸಾವಿರ ಕೊಡ್ರಿ.’ ಮಗ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾನೆ, ಹಲಗಿ ಮುಟ್ಟುವುದಿಲ್ಲ, ಅವನು ಮುಟ್ಟುವುದು ಕಾಕಾನಿಗೂ ಬೇಡ. ತಮ್ಮ ಐದು ಸಾವಿರ ಎಣಿಸಿದ. ನಾನು ಮತ್ತೆ ಎರಡು ಸೇರಿಸಿದೆ. ಆ ಎರಡು ಸಾವಿರ ಯಾಕೆ ಕೊಟ್ಟೆ ಅಂತ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ಕಾಕಾ ಎಣಿಸದೆ ಜೇಬಿಗಿಟ್ಟ.

ಮೆಟ್ಟಿಲ ಹತ್ತಿರ ಹೋಗಿ ನಿಂತ. ಹಲಗಿಯನ್ನು ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿಕೊಂಡಿದ್ದ.

‘ಒಂದು ಮಾತು. ನನ್ನ ಹೊಡತ ಅದರಾಗ ಇಟ್ಕೊಂಡೀರಿ, ಇಟ್ಕೋರಿ. ಮದುವಿಗೆ ಹಾಕ್ರಿ, ಜಾತ್ರಿಗೆ ಹಾಕ್ರಿ. ಸಾವಿನ ಹಾಡಿಗೆ ಮಾತ್ರ ಹಾಕಬ್ಯಾಡ್ರಿ. ನಾ ಹೆಣದ ಮುಂದ ಬಾರಸೂದು ಬಿಟ್ಟು ಹತ್ತು ವರ್ಷ ಆತು. ಅದಕ್ಕ ಊರಾಗ ಎಷ್ಟು ಮಾತು ಕೇಳೀನಿ ನನಗ ಗೊತ್ತು.’

ತಮ್ಮ ಹೂಂ ಅಂದ. ನನ್ನ ಕಡೆ ನೋಡಿದ. ನಾನೂ ಹೂಂ ಅಂದೆ. ಕಾಕಾ ಒಂದೊಂದೇ ಮೆಟ್ಟಿಲು ಹಿಡಿದು ಇಳಿದು ಹೋದ.